ನಿಮ್ಮ ಆಮೆಗೆ ಬೇಕಿರುವುದು ಹೊಸ ಟಬ್ಬಲ್ಲ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹಾಸ್ಟೆಲ್ ಕಾಲದ ಗೆಳೆಯ ಫೋನ್ ಮಾಡಿದ. ಈಗ ಬೆಂಗಳೂರಿನಲ್ಲಿ ಕೆಲಸ, ಆರನೇ ಮಹಡಿಯಲ್ಲಿ ಬಾಡಿಗೆ ಫ್ಲಾಟು.

“ಮಗಾ, ಒಂದು ಆಮೆ ದತ್ತು ತಗೊಂಡಿದೀನಿ. ಮೂರು ವಾರ ಆಯ್ತು, ಸರಿಯಾಗಿ ಏನೂ ತಿಂತಿಲ್ಲ. ಕಣ್ಣು ಬೇರೆ ಊದ್ಕೊಂಡಿದೆ. ನೀನು ಹಳ್ಳಿ ಕಡೆಯವನು, ನಿಂಗೆ ಗೊತ್ತಿರತ್ತೆ. ಇನ್ನೂ ದೊಡ್ಡ ಟಬ್ ತರ್ಲಾ? ಆನ್‌ಲೈನಲ್ಲಿ ಯಾವುದೋ ಬಲ್ಬ್ ಸಿಗತ್ತಂತೆ, ತರಿಸ್ಲಾ?”

ಫೋಟೋ ಕಳಿಸು ಅಂದೆ. ಕಳಿಸಿದ. ಅಂಗೈ ಅಗಲದ, ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಚೆದುರಿದ ಆಮೆ. ಬಟ್ಟೆ ನೆನೆಸುವ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ, ಎರಡು ಇಂಚು ನೀರಲ್ಲಿ ನಿಂತಿತ್ತು. ಪಕ್ಕದಲ್ಲಿ ನೆನೆದು ಉಬ್ಬಿದ ಬ್ರೆಡ್ಡು.

ಅದು ನಕ್ಷತ್ರ ಆಮೆ. ಕೆರೆಯದಲ್ಲ, ಬಾವಿಯದಲ್ಲ, ನೆಲದ್ದು. ಒಣ ಬಯಲಿನದ್ದು. ಅದಕ್ಕೆ ಈಜಲು ಬರುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ನಮ್ಮೂರ ಗುಟ್ಟೆಗಳಲ್ಲಿ ಹುಟ್ಟಿ ಬೆಳೆಯುವ ಪ್ರಾಣಿ. ನನಗೆ ಅದು ಚೆನ್ನಾಗಿ ಗೊತ್ತು. ಯಾಕೆ ಗೊತ್ತು ಎಂಬುದನ್ನು ಮುಂದೆ ಹೇಳುತ್ತೇನೆ, ಹೇಳಲು ಹೆಮ್ಮೆಯೇನಿಲ್ಲ.

ಮರುದಿನ ಭಾನುವಾರ ಅವನ ಮನೆಗೆ ಹೋದೆ. ಅವನ ಆಫೀಸಿನವರೊಬ್ಬರು ಒಂದು ವರ್ಷ ಸಾಕಿ, ಬೇರೆ ಊರಿಗೆ ವರ್ಗವಾಗುವಾಗ ಇವನಿಗೆ ಕೊಟ್ಟು ಹೋಗಿದ್ದರು. ಎತ್ತಿ ಹಿಡಿದರೆ ಚಿಪ್ಪಿನ ಅಂಚು ಹೆಬ್ಬೆರಳಿಗೆ ಬಗ್ಗುತ್ತಿತ್ತು. ಎರಡೂ ಕಣ್ಣು ಮುಚ್ಚಿಕೊಂಡಿದ್ದವು. ಮೂಗಿನ ತುದಿಯಲ್ಲಿ ಸಣ್ಣ ಗುಳ್ಳೆ ಬಂದು ಬಂದು ಒಡೆಯುತ್ತಿತ್ತು. ಗೆಳೆಯ ಕೆಟ್ಟವನಲ್ಲ. ಆಫೀಸಿನಿಂದ ಬಂದ ಕೂಡಲೇ ಅದರ ಹತ್ತಿರ ಕೂತು ಮಾತಾಡಿಸುತ್ತಾನೆ. ಅದಕ್ಕೊಂದು ಹೆಸರಿಟ್ಟಿದ್ದಾನೆ. ಹೊಸ ಮನೆ ಮಾಡಿಕೊಡಲು ಎಷ್ಟಾದರೂ ದುಡ್ಡು ಖರ್ಚು ಮಾಡಲು ತಯಾರಿದ್ದಾನೆ. ನನ್ನ ತಕರಾರು ಇರುವುದೇ ಇಲ್ಲಿ. ಇಂಥ ಪ್ರೀತಿಗೆ ಸಲಹೆ ಕೊಡುವವರು ಯೂಟ್ಯೂಬಿನ ತುಂಬ ಇದ್ದಾರೆ. ಯಾವ ಟಬ್, ಯಾವ ಬಲ್ಬ್, ಯಾವ ಪುಡಿ ಎಂದು ಪಟ್ಟಿ ಕೊಡುತ್ತಾರೆ. ಈ ಆಮೆ ನಿಮ್ಮ ಮನೆಯಲ್ಲಿ ಯಾಕಿದೆ ಎಂದು ಮಾತ್ರ ಕೇಳುವುದಿಲ್ಲ.

ಮೊದಲು ಆ ಕಾಯಿಲೆಗಳನ್ನೇ ನೋಡೋಣ. ನಾನು ಪಶುವೈದ್ಯನಲ್ಲ. ಆದರೆ ಈ ಆಮೆಗಳ ಕಾಯಿಲೆಯಲ್ಲಿ ಹೆಚ್ಚಿನವು ಹೊರಗಿನಿಂದ ಬಂದವಲ್ಲ, ನಾವು ಕೊಟ್ಟ ಮನೆಯಿಂದಲೇ ಬಂದವು ಎಂದು ತಿಳಿಯಲು ಪಶುವೈದ್ಯನಾಗಬೇಕಿಲ್ಲ.

ಚಿಪ್ಪು ಮೆತ್ತಗಾಗುವುದು ಯಾಕೆ? ಆಮೆಯ ಚಿಪ್ಪು ಮೇಲೆ ಹೊದ್ದುಕೊಂಡ ಮುಚ್ಚಳವಲ್ಲ. ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಸೇರಿಕೊಂಡ ಅದರ ಎಲುಬುಗೂಡು. ಎಲುಬು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು. ಅದು ತಯಾರಾಗುವುದು ಬಿಸಿಲಿನ ನೇರಳಾತೀತ ಕಿರಣ ಮೈಮೇಲೆ ಬಿದ್ದಾಗ. “ಕಿಟಕಿ ಹತ್ರಾನೇ ಇಟ್ಟಿದೀನಲ್ಲ, ಬಿಸಿಲು ಬೀಳತ್ತೆ” ಎಂದ ಗೆಳೆಯ. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಆ ಕಿರಣವನ್ನು ತಡೆದುಬಿಡುತ್ತದೆ. ಒಂದು ವರ್ಷ ಅದು ಗಾಜಿನ ಹಿಂದಿನ ಬಿಸಿಲು ಕಾದಿತ್ತು, ಎಲುಬಿಗೆ ಸಿಕ್ಕಿದ್ದು ಏನೂ ಇಲ್ಲ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಹೊರಗಿನಿಂದ ಸಿಗದಿದ್ದರೆ ಮೈ ತನ್ನ ಎಲುಬನ್ನೇ ಕರಗಿಸಿಕೊಳ್ಳುತ್ತದೆ.

ಕಣ್ಣು ಊದುವುದಕ್ಕೆ ವಿಟಮಿನ್ ಎ ಕೊರತೆ ಒಂದು ಸಾಮಾನ್ಯ ಕಾರಣ. ಬ್ರೆಡ್ಡು, ಅನ್ನ, ಸೌತೆಕಾಯಿ ಚೂರು ಇಷ್ಟರಲ್ಲೇ ಬದುಕಿದರೆ ಇನ್ನೇನಾಗುತ್ತದೆ? ಹುಲ್ಲು, ಸೊಪ್ಪು, ಬಿದ್ದ ಹೂವು, ಉದುರಿದ ಹಣ್ಣು ತಿಂದುಕೊಂಡು ನಾರನ್ನೇ ಅರಗಿಸುವ ಹೊಟ್ಟೆ ಅದರದ್ದು. ನಾಯಿಗೆ ಹಾಕುವ ಕಾಳು ಹಾಕಿ “ಚೆನ್ನಾಗಿ ತಿಂತಾ ಇದೆ” ಎಂದು ಖುಷಿಪಡುವವರನ್ನೂ ನೋಡಿದ್ದೇನೆ. ಅದು ಬೇಗ ಬೆಳೆಯುತ್ತದೆ, ನಿಜ. ನಕ್ಷತ್ರ ಆಮೆಯ ಚಿಪ್ಪಿನಲ್ಲಿ ಸ್ವಲ್ಪ ಗುಬುಟು ಇರುವುದು ಸಹಜ. ಆದರೆ ತಪ್ಪು ಊಟ, ತಪ್ಪು ಹವೆಯಲ್ಲಿ ಬೆಳೆದದ್ದರ ಬೆನ್ನು ಒಂದೊಂದು ಬಿಲ್ಲೆಯೂ ಗೋಪುರವಾಗಿ ವಕ್ರವಾಗುತ್ತದೆ. ಹಾಗೆ ಬೆಳೆದ ಚಿಪ್ಪು ಮತ್ತೆ ಸರಿಯಾಗುವುದಿಲ್ಲ.

ಮೂಗಿನ ಗುಳ್ಳೆ ಅಂದರೆ ಶೀತ ಎದೆಗಿಳಿಯುತ್ತಿದೆ ಎಂದರ್ಥ. ಸದಾ ಒದ್ದೆ ಟಬ್ಬು, ತಣ್ಣನೆಯ ಟೈಲ್ಸು, ರಾತ್ರಿ ಬಾಲ್ಕನಿಯ ಗಾಳಿ. ನಾವು ಕೆಮ್ಮಿ ಕಫ ತೆಗೆಯುವ ಹಾಗೆ ಆಮೆಗೆ ತೆಗೆಯಲಾಗುವುದಿಲ್ಲ. ಎದೆಯನ್ನು ಹಿಗ್ಗಿಸಿ ಕುಗ್ಗಿಸಲು ಅದಕ್ಕೆ ಜಾಗವೇ ಇಲ್ಲ, ಸುತ್ತ ಚಿಪ್ಪಿದೆ. ನಮಗೆ ನೆಗಡಿಯಾಗಿ ಹೋಗುವುದು ಅದಕ್ಕೆ ನ್ಯುಮೋನಿಯಾ ಆಗಿ ನಿಲ್ಲುತ್ತದೆ. ಆಮೆ ನರಳುವುದಿಲ್ಲ, ಕೂಗುವುದಿಲ್ಲ. ಸುಮ್ಮನೆ ತಲೆ ಒಳಗೆಳೆದುಕೊಂಡು ತಿಂಗಳುಗಟ್ಟಲೆ ಸಾಯುತ್ತದೆ. ಮನೆಯವರು “ನಿದ್ದೆ ಮಾಡ್ತಿದೆ” ಅಂದುಕೊಂಡಿರುತ್ತಾರೆ.

ಹಾಗಾದರೆ ಒಳ್ಳೆಯ ಮನೆ ಅಂದರೆ ಯಾವುದು? ಗೆಳೆಯ ಪೆನ್ನು ಹಿಡಿದು ಕೂತ. ನಾನು ಹೇಳುತ್ತಾ ಹೋದೆ. ಗಾಜಿನ ಅಡ್ಡವಿಲ್ಲದ ಬೆಳಗಿನ ಬಿಸಿಲು. ಬಿಸಿಲು ಏರಿದಾಗ ನುಗ್ಗಲು ಪೊದೆಯ ಬುಡ. ಬೇಸಿಗೆಯ ಬಿರುಬಿಸಿಲಿಗೆ ವಾರಗಟ್ಟಲೆ ಅಲ್ಲಾಡದೆ ಬಿದ್ದಿರಲು ತಂಪು ನೆರಳು. ಮೊದಲ ಮಳೆ ಬಿದ್ದಾಗ ಹೊರಟು ಚಿಗುರು ಹುಡುಕಿಕೊಂಡು ಅಲೆಯಲು ಬಯಲು. ಗರಿಕೆ, ಕಾಡು ಸೊಪ್ಪು, ಪಾಪಸುಕಳ್ಳಿಯ ಹಣ್ಣು. ಹೆಣ್ಣಾದರೆ ಹಿಂಗಾಲಲ್ಲಿ ತೋಡಿ ಮೊಟ್ಟೆ ಇಡಲು ಮಣ್ಣು. ಜೊತೆಗೆ ಇನ್ನೊಂದಿಷ್ಟು ಆಮೆಗಳು. ಇಷ್ಟೂ ಹಲವು ದಶಕ ಸಿಗಬೇಕು, ಯಾಕೆಂದರೆ ಅದರ ಆಯುಸ್ಸು ಅಷ್ಟಿದೆ.

ಅವನು ಬರೆಯುವುದನ್ನು ನಿಲ್ಲಿಸಿ “ಇದು ಮನೆ ಅಲ್ಲ ಮಗಾ, ಕಾಡು” ಎಂದ.

ಹೌದು. ಅದನ್ನೇ ಹೇಳುತ್ತಿರುವುದು.

ಸರಿ, ದುಡ್ಡಿರುವವರು ಯಾರೋ ತೋಟದ ಮನೆಯಲ್ಲಿ ಇದೆಲ್ಲ ಮಾಡಿಯೇಬಿಟ್ಟರು ಎಂದಿಟ್ಟುಕೊಳ್ಳಿ. ಆಗಲೂ ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ನಕ್ಷತ್ರ ಆಮೆ ಮೊದಲು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಮೊದಲನೇ ಅನುಸೂಚಿಗೆ ಬಂತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹುಲಿ, ಆನೆ ಇರುವ ಅನುಸೂಚಿ ಅದು. ತಪ್ಪು ರುಜುವಾತಾದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಕೊಂಡಿದ್ದಲ್ಲ, ಉಡುಗೊರೆ ಬಂದದ್ದು ಎಂದರೆ ಕಾನೂನಿಗೆ ವ್ಯತ್ಯಾಸವಿಲ್ಲ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಮೇಲೆ ಕೇಸಾದಾಗ ಕರ್ನಾಟಕದಲ್ಲಿ ಎಷ್ಟು ಮನೆಗಳಲ್ಲಿ ಸರ ಬಿಚ್ಚಿ ಬೀರುವಿನೊಳಗೆ ಇಟ್ಟರು, ನೆನಪಿದೆ ತಾನೆ? ಆಮೆ ಸಾಕಿದವರಿಗೆ ಮಾತ್ರ ಆ ಭಯ ಬರಲೇ ಇಲ್ಲ. ಆಮೆ ಸಾಧು, ಅದನ್ನು ಸಾಕುವುದೂ ಸಾಧು ಕೆಲಸ ಎಂದು ನಾವು ನಂಬಿದ್ದೇವೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ಪದ “ದತ್ತು”. ಅನಾಥ ಮಗುವನ್ನು ದತ್ತು ತೆಗೆದುಕೊಳ್ಳುತ್ತಾರೆ. ಈ ಆಮೆ ಅನಾಥವಾಗಿರಲಿಲ್ಲ. ಅದನ್ನು ಹಿಡಿದು ತಂದಿದ್ದಾರೆ. ಎಲ್ಲಿಂದ, ಹೇಗೆ ಎನ್ನುವುದು ನನಗೆ ಗೊತ್ತು, ಯಾಕೆಂದರೆ ನಾನೇ ಹಿಡಿದಿದ್ದೇನೆ.

ಏಳನೇ ಕ್ಲಾಸಿನಲ್ಲಿದ್ದೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ದನ ಮೇಯಿಸಲು ಗುಟ್ಟೆಗೆ ಹೋದರೆ ತಂಗಡಿ ಗಿಡದ ಸಾಲಿನಲ್ಲಿ ಆಮೆಗಳು ಕಾಣುತ್ತಿದ್ದವು. ಗಡಿಯ ಆಚೆಯಿಂದ ಟಿವಿಎಸ್ ಮೊಪೆಡ್ಡಿನಲ್ಲಿ ಒಬ್ಬ ಅಣ್ಣ ಬರುತ್ತಿದ್ದ. ದೊಡ್ಡದು ಬೇಡ, ಅಂಗೈಯಲ್ಲಿ ಹಿಡಿಯುವಂಥದು ತನ್ನಿ ಎನ್ನುತ್ತಿದ್ದ. ಒಂದಕ್ಕೆ ಹತ್ತು ರೂಪಾಯಿ. ನಾನು, ನನ್ನ ಚಿಕ್ಕಪ್ಪನ ಮಗ ಎರಡು ಮಳೆಗಾಲ ಅದೇ ಕೆಲಸ ಮಾಡಿದೆವು. ಲೆಕ್ಕ ಇಟ್ಟಿಲ್ಲ. ಸಿಮೆಂಟು ಚೀಲದೊಳಗೆ ಅವು ಒಂದರ ಮೇಲೊಂದು ಉಜ್ಜುವ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಆ ದುಡ್ಡಿನಲ್ಲಿ ನಾನು ಜಾಮಿಟ್ರಿ ಬಾಕ್ಸ್ ಕೊಂಡಿದ್ದೆ. ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದ್ದಕ್ಕೆ ಆ ಅಣ್ಣ “ಫಾರಿನ್‌ಗೆ, ವಿಮಾನದಲ್ಲಿ” ಎಂದಿದ್ದ. ನಾವು ನಕ್ಕಿದ್ದೆವು. ಆಮೆ ವಿಮಾನದಲ್ಲಿ ಹೋಗುತ್ತದೆ ಎಂದರೆ ಯಾರು ನಂಬುತ್ತಾರೆ?

ಅವನು ಹೇಳಿದ್ದು ನಿಜ ಎಂದು ತಿಳಿದದ್ದು ಪತ್ರಿಕೋದ್ಯಮ ಓದಲು ಬಂದ ಮೇಲೆ. ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸಿನೊಳಗೆ ಬಟ್ಟೆಯ ನಡುವೆ ಸುತ್ತಿಟ್ಟ ನಕ್ಷತ್ರ ಆಮೆಗಳು ಸಿಕ್ಕ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೋಗುವುದು ಥಾಯ್ಲೆಂಡ್, ಮಲೇಷ್ಯಾ ಕಡೆಗೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದ ಮೂಲಕ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಎತ್ತಲಾಗಿದೆ ಎಂದು ಲೆಕ್ಕ ಹಾಕಿತು. ಒಂದೇ ಕೇಂದ್ರ, ಒಂದೇ ವರ್ಷ. 2019ರಲ್ಲಿ ಸೈಟಿಸ್ ಒಪ್ಪಂದದ ದೇಶಗಳು ಇದನ್ನು ಮೊದಲನೇ ಅನುಬಂಧಕ್ಕೆ ಸೇರಿಸಿ, ಕಾಡಿನಿಂದ ಹಿಡಿದ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು ಮುಚ್ಚಿದವು. ಅದಕ್ಕೂ ಒಂದು ವರ್ಷ ಮೊದಲು, 2018ರ ನವೆಂಬರಿನಲ್ಲಿ, ಸಿಂಗಪುರದಲ್ಲಿ ವಶಪಡಿಸಿಕೊಂಡ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ಬಂದವು. ಆ ಸುದ್ದಿ ಓದಿದ ದಿನ ನನಗೆ ಮೊಪೆಡ್ಡಿನ ಅಣ್ಣ ನೆನಪಾದ. ನಾನು ಹಿಡಿದುಕೊಟ್ಟವುಗಳಲ್ಲಿ ಒಂದೂ ವಾಪಸ್ ಬಂದಿರಲಾರದು.

ಒಂದು ಹೆಣ್ಣಾಮೆ ಮೊಟ್ಟೆ ಇಡುವಷ್ಟು ದೊಡ್ಡದಾಗಲು ಸುಮಾರು ಎಂಟು ಹತ್ತು ವರ್ಷ ಬೇಕು. ಇಡುವುದೂ ಕೋಳಿಯ ಹಾಗಲ್ಲ, ಒಂದು ಸಲಕ್ಕೆ ಕೆಲವೇ ಕೆಲವು. ಅದರಲ್ಲಿ ಉಡ, ಮುಂಗುಸಿ, ನರಿ ತಿಂದು ಉಳಿಯುವುದೆಷ್ಟು? ಹಾಗೆ ಉಳಿದ ಮರಿಗಳನ್ನೇ ಆರಿಸಿ ಚೀಲಕ್ಕೆ ತುಂಬಿದರೆ ಹತ್ತು ವರ್ಷದಲ್ಲಿ ಗುಟ್ಟೆ ಖಾಲಿ. ನಮ್ಮೂರಲ್ಲಿ ಆಗಿರುವುದು ಇದೇ. ಹೋದ ವರ್ಷ ಮೂರು ದಿನ ಅದೇ ಗುಟ್ಟೆಗಳಲ್ಲಿ ಓಡಾಡಿದೆ. ಒಂದೂ ಕಾಣಲಿಲ್ಲ.

ಯಾರಿಗಾಗಿ ಈ ವ್ಯಾಪಾರ? ವಿದೇಶದ ಶೋಕಿಗೆ ಅಂತ ಬೆರಳು ತೋರಿಸಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಮನೆಗಳಿಗೂ ಬೇಕಾಗಿದೆ. ಆಮೆ ಇದ್ದರೆ ಧನಲಾಭ, ಉತ್ತರ ದಿಕ್ಕಿನಲ್ಲಿಡಬೇಕು, ನೀರಿನ ತಟ್ಟೆಯಲ್ಲಿಡಬೇಕು ಎಂದು ಬೆಳಗ್ಗೆ ಎದ್ದರೆ ಟಿವಿಯಲ್ಲಿ ಹೇಳುತ್ತಾರೆ. ಹಿತ್ತಾಳೆಯದನ್ನು ಇಡುವವರ ಜೊತೆ ನನಗೆ ಜಗಳವಿಲ್ಲ. ಆದರೆ ಜೀವದ್ದೇ ಇದ್ದರೆ ಇನ್ನೂ ಬಲ ಎಂದು ಪಿಸುಗುಟ್ಟುವವರಿದ್ದಾರೆ. ಇಪ್ಪತ್ತು ಉಗುರಿನ ಆಮೆ ಎಂದು ಲಕ್ಷಗಟ್ಟಲೆ ಹೇಳಿ ಮೋಸ ಮಾಡುವವರಿದ್ದಾರೆ, ಎರಡು ತಲೆ ಹಾವೆಂದು ಮಣ್ಣುಮುಕ್ಕ ಹಾವು ಮಾರುವವರ ಅಣ್ಣತಮ್ಮಂದಿರು ಅವರು.

ತಮಾಷೆ ಏನೆಂದರೆ, ತಮಿಳು ತೆಲುಗು ಎರಡೂ ಕಿವಿಗೆ ಬೀಳುವ ನಮ್ಮ ಗಡಿಯೂರುಗಳಲ್ಲಿ ನಂಬಿಕೆ ಪೂರಾ ಉಲ್ಟಾ ಇತ್ತು. ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎರಡೂ ಉದ್ಧಾರ ಆಗಲ್ಲ ಎನ್ನುತ್ತಿದ್ದಳು ನಮ್ಮಜ್ಜಿ. ಅಮೀನ ಅಂದರೆ ಕೋರ್ಟಿನಿಂದ ಜಪ್ತಿಗೆ ಬರುವವನು. ಅಂಗಳಕ್ಕೆ ಆಮೆ ಬಂದರೆ ಅಜ್ಜಿ ಅರಿಸಿನ ಕುಂಕುಮ ಹಾಕಿ, ಮೊರದಲ್ಲಿಟ್ಟುಕೊಂಡು ಹೋಗಿ ಬೇಲಿಯಾಚೆ ಬಿಟ್ಟು ಬರುತ್ತಿದ್ದಳು. ಅದೂ ಮೂಢನಂಬಿಕೆಯೇ. ಆದರೆ ಆ ಮೂಢನಂಬಿಕೆಯಿಂದ ಆಮೆ ಬದುಕುತ್ತಿತ್ತು, ಈಗಿನದರಿಂದ ಸಾಯುತ್ತಿದೆ.

ಇನ್ನು ನಮ್ಮವರ ವಿಷಯ. ನಾವೂ ಪತ್ರಕರ್ತರು ತಾನೆ, ನಮ್ಮ ಪಾಲಿನದನ್ನೂ ಹೇಳಿಕೊಳ್ಳೋಣ. ಆಮೆ ಸಾಗಣೆಯ ಸುದ್ದಿ ಬಂದಾಗ ನಾವು ಹಾಕುವ ಫೋಟೋ ಯಾವುದು? ಮುಂದೆ ಸಾಲಾಗಿ ಜೋಡಿಸಿದ ಆಮೆಗಳು, ಹಿಂದೆ ತಲೆ ತಗ್ಗಿಸಿ ನಿಂತ ಇಬ್ಬರು ಹಳ್ಳಿ ಹುಡುಗರು, ಅವರ ಅಕ್ಕಪಕ್ಕ ಎದೆ ಉಬ್ಬಿಸಿದ ಸಿಬ್ಬಂದಿ. ಹುಡುಗರ ಹೆಸರು, ಊರು, ಅಪ್ಪನ ಹೆಸರು ಸಮೇತ ಬರೆಯುತ್ತೇವೆ. ಅವರಿಗೆ ಸಿಗುತ್ತಿದ್ದದ್ದು ಒಂದಕ್ಕೆ ಐವತ್ತೋ ನೂರೋ ರೂಪಾಯಿ. ಸಾವಿರಗಟ್ಟಲೆ ಕೊಟ್ಟು ಕೊಳ್ಳುವವನ ಫೋಟೋ ಯಾವತ್ತಾದರೂ ಹಾಕಿದ್ದೇವಾ? ಆ ಬಾಲ್ಕನಿಗೆ ಹೋಗಿದ್ದೇವಾ? ಅದರ ಬದಲು ಭಾನುವಾರದ ಪುರವಣಿಯಲ್ಲಿ “ಮನೆಗೊಂದು ಮುದ್ದಿನ ಆಮೆ” ಎಂದು ಬರೆಯುತ್ತೇವೆ. ಒಂದೇ ಪತ್ರಿಕೆಯ ಮೂರನೇ ಪುಟದಲ್ಲಿ ಹಿಡಿದವನು ಕಳ್ಳ, ಪುರವಣಿಯಲ್ಲಿ ಸಾಕಿದವನು ಪ್ರಾಣಿಪ್ರಿಯ.

ಈಗ ನೀವು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಗೆಳೆಯನೂ ಅವನ್ನೇ ಕೇಳಿದ.

“ಕಾಡಲ್ಲಿ ಹೇಗೂ ಉಳಿಯಲ್ಲ, ಮನೆಯಲ್ಲಾದ್ರೂ ಇರಲಿ.” ಮನೆಯಲ್ಲಿ ಇರುವುದು ಉಳಿದ ಹಾಗಲ್ಲ. ಒಂಟಿ ಆಮೆ ಟಬ್ಬಿನಲ್ಲಿ ಮೂವತ್ತು ವರ್ಷ ಬದುಕಿದರೂ ಅದರ ಸಂತತಿಗೆ ಸಂಬಂಧಪಟ್ಟಂತೆ ಅದು ಹಿಡಿದ ದಿನವೇ ಸತ್ತಿದೆ.

“ಹಾಗಾದ್ರೆ ನಾನೇ ಕಾರಲ್ಲಿ ತಗೊಂಡೋಗಿ ಬಿಟ್ಟು ಬರ್ತೀನಿ.” ದಯವಿಟ್ಟು ಬೇಡ. ಕಾಯಿಲೆ ಬಿದ್ದ ಆಮೆಯನ್ನು ಬಿಟ್ಟರೆ ಅಲ್ಲಿ ಉಳಿದಿರುವ ನಾಲ್ಕಕ್ಕೂ ಕಾಯಿಲೆ ಹಬ್ಬುತ್ತದೆ. ಅಲ್ಲದೆ ಗುಜರಾತ್, ರಾಜಸ್ಥಾನ ಕಡೆಯ ನಕ್ಷತ್ರ ಆಮೆ ಬೇರೆ, ನಮ್ಮ ದಕ್ಷಿಣದ್ದು ಬೇರೆ. ವಂಶವಾಹಿ ಪರೀಕ್ಷೆಯಲ್ಲೇ ಆ ವ್ಯತ್ಯಾಸ ಕಾಣುತ್ತದೆ. ನಿಮ್ಮದು ಎಲ್ಲಿಯದೆಂದು ನಿಮಗೆ ಗೊತ್ತಿಲ್ಲ.

“ಅರಣ್ಯ ಇಲಾಖೆಯವರು ಮಾತ್ರ ಚೆನ್ನಾಗಿ ನೋಡ್ಕೋತಾರಾ?” ಈ ಪ್ರಶ್ನೆ ಸುಳ್ಳಲ್ಲ. ಗೆಳೆಯನ ಆಮೆಗಾಗಿ ನಾನು ಒಂದು ಕಚೇರಿಗೆ ಫೋನ್ ಮಾಡಿದಾಗ, ಎತ್ತಿದವರು “ಆಮೇನಾ? ನಾಳೆ ನೋಡೋಣ, ಸಾಹೇಬ್ರು ಇಲ್ಲ” ಎಂದರು. ನಾಳೆ ಎನ್ನುವುದು ನಾಲ್ಕು ದಿನವಾಯಿತು. ಹಿಡಿದ ಆಮೆಗಳು ಕೋರ್ಟಿನ ಆದೇಶಕ್ಕೆ ಕಾಯುತ್ತಾ ಕಚೇರಿಯ ಮೂಲೆಯ ಬುಟ್ಟಿಯಲ್ಲೇ ದಿನ ಕಳೆಯುವುದನ್ನೂ ಕಂಡಿದ್ದೇನೆ. ಇಲಾಖೆಯನ್ನು ಪ್ರಶ್ನಿಸಲು ಕಾರಣಗಳು ಬೇಕಾದಷ್ಟಿವೆ, ಪ್ರಶ್ನಿಸೋಣ. ಅದನ್ನೇ ನೆಪ ಮಾಡಿಕೊಂಡು ಆಮೆಯನ್ನು ಟಬ್ಬಿನಲ್ಲಿ ಇಟ್ಟುಕೊಳ್ಳುವುದು ಬೇಡ. ಬನ್ನೇರುಘಟ್ಟದಲ್ಲಿ, ಕೆಂಗೇರಿ ಬಳಿ ಗಾಯಗೊಂಡ ಕಾಡುಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಜಾಗಗಳಿವೆ. ಅಲ್ಲಿನ ವೈದ್ಯರಿಗೆ ಆಮೆಯ ಎಕ್ಸ್‌ರೇ ಓದಲು ಬರುತ್ತದೆ. ನಿಮ್ಮ ಬೀದಿಯ ನಾಯಿ ಡಾಕ್ಟರಿಗೆ ಬರದಿರಬಹುದು, ಅದು ಅವರ ತಪ್ಪಲ್ಲ.

“ಕಾನೂನು ಒಪ್ಪುವ ವಿದೇಶಿ ಆಮೆ ಸಾಕ್ಲಾ?” ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ಸಲ್ಕಾಟಾ ಎಂಬ ಆಫ್ರಿಕದ ಆಮೆಯ ಮರಿಯನ್ನು ಬೆಂಗಳೂರಿನಲ್ಲಿ ಮಾರುತ್ತಾರೆ. ಕೈಯಲ್ಲಿ ಹಿಡಿದರೆ ಲಾಡುವಿನಷ್ಟು. ಬೆಳೆದರೆ ನಲವತ್ತು, ಐವತ್ತು ಕಿಲೋ ದಾಟುತ್ತದೆ, ಗೋಡೆಯ ಬುಡ ತೋಡುತ್ತದೆ. ಇಂಥ ಸೈಟಿಸ್ ಪಟ್ಟಿಯ ಪ್ರಾಣಿ ಸಾಕುವವರು 2024ರ ನಿಯಮದಂತೆ ಪರಿವೇಷ್ ಪೋರ್ಟಲ್ಲಿನಲ್ಲಿ ನೋಂದಾಯಿಸಲೇಬೇಕು. ಈಗಾಗಲೇ ನಿಮ್ಮ ಹತ್ತಿರ ಇದ್ದರೆ ನೋಂದಾಯಿಸಿ. ಅದಕ್ಕೆ ಟಬ್ಬಲ್ಲ, ಬಿಸಿಲು ನೆರಳು ಎರಡೂ ಇರುವ ಹಿತ್ತಲು ಬೇಕು, ದಿನಾ ಹುಲ್ಲು ಬೇಕು, ಸರೀಸೃಪ ನೋಡುವ ವೈದ್ಯರು ಬೇಕು, ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂಬ ಉತ್ತರವೂ ಬೇಕು. ಹೊಸದಾಗಿ ತರುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅಮೆರಿಕದ ಕೆಂಪುಕಿವಿಯ ಆಮೆಯ ಕತೆ ನೋಡಿದ್ದೇವಲ್ಲ. ಮಕ್ಕಳಿಗೆಂದು ತಂದದ್ದು ತಟ್ಟೆಯಷ್ಟಾದ ಮೇಲೆ ಕೆರೆಗೆ, ದೇವಸ್ಥಾನದ ಕಲ್ಯಾಣಿಗೆ ಎಸೆದು ಬಂದರು. ಈಗ ಅದು ನಮ್ಮ ಕೆರೆಯಾಮೆಗಳ ಊಟ, ಜಾಗ ಎರಡಕ್ಕೂ ಪಾಲುದಾರ.

ಹಾಗಾದರೆ ಮನೆಯಲ್ಲಿ ನಕ್ಷತ್ರ ಆಮೆ ಇರುವವರು ಇವತ್ತು ಏನು ಮಾಡಬೇಕು? ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೂ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಅವರು ಬರುವವರೆಗಿನ ಎರಡು ದಿನಕ್ಕೆ ಇಷ್ಟು ಸಾಕು: ನೀರು ಚೆಲ್ಲಿ ಟಬ್ಬು ಒಣಗಿಸಿ, ಹಳೇ ಪೇಪರ್ ಅಥವಾ ಒಣಹುಲ್ಲು ಹಾಸಿ. ಬೆಳಗಿನ ಎಳೆಬಿಸಿಲಿಗೆ ನೇರವಾಗಿ ಇಡಿ, ಆದರೆ ಅರ್ಧ ಭಾಗಕ್ಕೆ ನೆರಳು ಮಾಡಿ. ಪೂರಾ ಬಿಸಿಲಿನಲ್ಲಿ ಬಿಟ್ಟುಹೋದರೆ ಬೆಂದು ಸಾಯುತ್ತದೆ. ಉಗುರುಬೆಚ್ಚಗಿನ ನೀರನ್ನು ಅದರ ಗಲ್ಲ ಮುಟ್ಟದಷ್ಟು ಮಾತ್ರ ಹಾಕಿ ಹತ್ತು ನಿಮಿಷ ಬಿಡಿ, ಕುಡಿಯುತ್ತದೆ, ಆಮೇಲೆ ಒರೆಸಿ. ಗರಿಕೆ, ದಾಸವಾಳದ ಎಲೆ ಹೂವು, ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು ಕೊಡಿ. ಹಾಲು, ಬ್ರೆಡ್ಡು, ಅನ್ನ, ಬಿಸ್ಕತ್ತು ಬೇಡ. ಚಿಪ್ಪಿಗೆ ಎಣ್ಣೆ, ಬಣ್ಣ ಹಚ್ಚಬೇಡಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳಿಗೂ ತೊಳೆಸಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲ ಇರಬಹುದು.

ಕೇಸು ಹಾಕುತ್ತಾರಾ ಎಂಬ ಭಯ ಸಹಜ. ಹಾಕುವುದಿಲ್ಲ ಎಂದು ಖಾತರಿ ಕೊಡಲು ನಾನು ಯಾರೂ ಅಲ್ಲ. ಅದಕ್ಕೇ ಸರ್ಕಾರಕ್ಕೆ ಒಂದು ಒತ್ತಾಯ: ಜೀವಂತ ಕಾಡುಪ್ರಾಣಿಯನ್ನು ತಾವಾಗಿಯೇ ತಂದೊಪ್ಪಿಸುವವರಿಗೆ ಕಾನೂನಿನ ಚೌಕಟ್ಟಿನಲ್ಲೇ ಒಂದು ಸ್ಪಷ್ಟ ದಾರಿ ಮಾಡಿಕೊಡಿ. ಪ್ರತಿ ಜಿಲ್ಲೆಯಲ್ಲೂ ಒಂದು ಜಾಗ, ಒಬ್ಬ ವೈದ್ಯ ಇರಲಿ. ಭಯ ಹುಟ್ಟಿಸಿ ಬಾಗಿಲು ಮುಚ್ಚಿಕೊಂಡರೆ ಜನ ಆಮೆಯನ್ನು ರಾತ್ರೋರಾತ್ರಿ ಚರಂಡಿಗೆ ಬಿಡುತ್ತಾರೆ.

ಎರಡನೆಯ ಒತ್ತಾಯ ಇದಕ್ಕಿಂತ ದೊಡ್ಡದು. ವಾಪಸ್ ಬಂದ ಆಮೆಗಳನ್ನು ಬಿಡುವುದೆಲ್ಲಿ? ಅವುಗಳ ಮನೆ ಕುರುಚಲು ಕಾಡು, ಗೋಮಾಳ, ಗುಟ್ಟೆಯ ಇಳಿಜಾರು. ನಮ್ಮ ಕಂದಾಯ ದಾಖಲೆಗಳಲ್ಲಿ ಅದರ ಹೆಸರು ಬಂಜರು, ಖರಾಬು. ಯಾರಿಗೂ ಉಪಯೋಗವಿಲ್ಲದ್ದು ಎಂದು ಕರೆದ ಮೇಲೆ ಏನು ಬೇಕಾದರೂ ಮಾಡಬಹುದಲ್ಲ? ಕೋಲಾರದಲ್ಲಿ ದಶಕಗಟ್ಟಲೆ ನೀಲಗಿರಿ ನೆಟ್ಟೆವು. ಅದರ ಕೆಳಗೆ ಹುಲ್ಲು ಸರಿಯಾಗಿ ಹುಟ್ಟಲಿಲ್ಲ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದೆಂದಿತು. ಈಗ ಲೇಔಟು, ಕಲ್ಲು ಕ್ವಾರಿ. ನಾನು ದನ ಮೇಯಿಸಿದ ಗುಟ್ಟೆಯ ಅರ್ಧ ಈಗ ಜಲ್ಲಿಯಾಗಿ ಲಾರಿ ಹತ್ತಿ ಹೋಗಿದೆ. ಪಶ್ಚಿಮ ಘಟ್ಟದ ಒಂದು ಮರ ಬಿದ್ದರೆ ಪೇಟೆಯಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ಬಯಲುಸೀಮೆಯ ಕುರುಚಲು ಹೋದರೆ ಕೇಳುವವರಿಲ್ಲ. ಆಮೆಗೆ ಒಳ್ಳೆಯ ಮನೆ ಬೇಕು ಎನ್ನುವವರು ನಿಜವಾಗಿ ಕೇಳಬೇಕಾದ್ದು ಈ ನೆಲವನ್ನು. ಆನ್‌ಲೈನಿನಲ್ಲಿ ಬಲ್ಬು ಹುಡುಕುವ ಹೊತ್ತಿನಲ್ಲಿ ನಿಮ್ಮ ತಾಲ್ಲೂಕಿನ ಗೋಮಾಳ ಯಾರಿಗೆ ಮಂಜೂರಾಗುತ್ತಿದೆ ಎಂದು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ.

ಗೆಳೆಯ ಹನ್ನೆರಡು ದಿನ ಯೋಚನೆ ಮಾಡಿದ. ಅವನ ಹೆಂಡತಿ ಬೈದಳು, ಮಗಳು ಅತ್ತಳು, ಅವನು ಭಯಪಟ್ಟ. ಕೊನೆಗೆ ಒಂದು ಪತ್ರ ಬರೆದು, ಆಮೆಯನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಇಬ್ಬರೂ ಹೋಗಿ ಒಪ್ಪಿಸಿ ಬಂದೆವು. ಮಹಜರು ಬರೆದರು, ಸಹಿ ಹಾಕಿಸಿಕೊಂಡರು. ಪರೀಕ್ಷಿಸಿದ ವೈದ್ಯರು ಚಿಪ್ಪಿನ ಅಂಚು ಒತ್ತಿ ನೋಡಿ, ಗಟ್ಟಿಯಾಗಲು ತಿಂಗಳುಗಳೇ ಬೇಕು, ಕಾಡಿಗೆ ಬಿಡುವಂತಾಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಹನ್ನೆರಡು ದಿನ ಮೊದಲೇ ತಂದಿದ್ದರೆ ಒಳ್ಳೆಯದಿತ್ತು ಎಂದೂ ಅಂದರು. ವಾಪಸ್ ಬರುವಾಗ ಗೆಳೆಯ ಮಾತಾಡಲಿಲ್ಲ.

ಆ ನೀಲಿ ಟಬ್ಬಿನಲ್ಲಿ ಈಗ ಬಟ್ಟೆ ನೆನೆಸುತ್ತಾರೆ. ಈ ಬರಹ ಓದಿದವರಲ್ಲಿ ಯಾರ ಮನೆಯಲ್ಲಾದರೂ ಇಂಥದೊಂದು ಟಬ್ಬಿದ್ದರೆ ಹನ್ನೆರಡು ದಿನ ಯೋಚಿಸಬೇಡಿ. ನನ್ನ ಹಾಗೆ ಹತ್ತು ರೂಪಾಯಿಗೆ ಹಿಡಿದುಕೊಟ್ಟವರು ಇದ್ದರೆ, ನಿಮ್ಮೂರ ಮಕ್ಕಳಿಗೆ ಅದನ್ನು ನೀವೇ ಹೇಳಿ. ಮೊಪೆಡ್ಡಿನ ಅಣ್ಣಂದಿರು ಈಗ ವಾಟ್ಸಾಪಿನಲ್ಲಿದ್ದಾರೆ, ಮುಂದಿನ ಮಳೆಗೆ ಮತ್ತೆ ಬರುತ್ತಾರೆ.